ಹಳೆಯ ಬಿಡಿಭಾಗಗಳಿಂದ ಆಂಪ್ಲಿಫೈಯರ್ ತಯಾರಿಕೆ

ಕೆಟ್ಟುಹೋದ ಟೇಪ್ ರೆಕಾರ್ಡರ್, ಟಿ.ವಿ., ಕಂಪ್ಯೂಟರ್ ಸ್ಪೀಕರ್ ಮೊದಲಾದವುಗಳಿಂದ ಬಿಡಿಸಿದ ಭಾಗಗಳನ್ನು ಜೋಡಿಸಿ, ದುರ್ಬಲ ಶ್ರವ್ಯ ಸಂಕೇತವನ್ನು ಸ್ಪೀಕರ್ ನುಡಿಸುವಷ್ಟು ಬಲಪಡಿಸುವ ಸಾಧನವನ್ನು ಮನೆಯಲ್ಲೇ ತಯಾರಿಸುವುದು ಎಲೆಕ್ಟ್ರಾನಿಕ್ಸ್ ಹವ್ಯಾಸಿಗಳಲ್ಲಿ ರೂಢಿಯಲ್ಲಿದೆ.

ಭಾಗಗಳನ್ನು ಬಿಡಿಸುವಾಗಲೇ ಅಪಾಯವಿದೆ. ಟಿ.ವಿ.ಯ ವಿದ್ಯುತ್ ಪೂರೈಕೆ ವಿಭಾಗದ ದೊಡ್ಡ ಕೆಪಾಸಿಟರು, ಪ್ಲಗ್ ಕಿತ್ತ ಮೇಲೂ 300 ವೋಲ್ಟಿಗೆ ಮಿಗಿಲಾದ ವಿದ್ಯುತ್ತನ್ನು ಹಿಡಿದಿಟ್ಟಿರಬಹುದು. ಅದನ್ನು ತಕ್ಕ ರೆಸಿಸ್ಟರಿನ ಮೂಲಕ ಬರಿದುಮಾಡಿ, ಮಲ್ಟಿಮೀಟರಿನಿಂದ ಅಳೆದ ನಂತರವೇ ಕೈಯಿಡಬೇಕು.

ಹೀಗೆ ದೊರೆಯುವ ಭಾಗಗಳಲ್ಲಿ ಜನಪ್ರಿಯವಾದುದು ಟಿಡಿಎ 2030 ಎಂಬ ಐದು ಕಾಲುಗಳ ಐಸಿ. ತಕ್ಕ ಪೂರೈಕೆಯಿದ್ದರೆ ಇದು 4 ಓಮ್ ಸ್ಪೀಕರಿಗೆ ಸುಮಾರು 14 ವ್ಯಾಟ್ ಒದಗಿಸುತ್ತದೆ. ಬಿಸಿಯಾಗುವುದರಿಂದ ಹೀಟ್ ಸಿಂಕ್ ಬೇಕೇಬೇಕು. ಆದರೆ ಐಸಿಯ ಬೆನ್ನಿನ ಲೋಹದ ಫಲಕವು ಒಳಗಿನಿಂದ ಮೂರನೆಯ ಕಾಲಿಗೆ, ಅಂದರೆ ಪೂರೈಕೆಯ ಋಣ ತುದಿಗೆ, ಸೇರಿರುತ್ತದೆ. ಧನ ಮತ್ತು ಋಣ ಪೂರೈಕೆಗಳೆರಡನ್ನೂ ಬಳಸುವ ಮಂಡಲದಲ್ಲಿ ಹೀಟ್ ಸಿಂಕ್ ಭೂಸಂಪರ್ಕವಿರುವ ಪೆಟ್ಟಿಗೆಗೆ ತಗುಲಿದರೆ ಶಾರ್ಟ್ ಸರ್ಕ್ಯೂಟ್ ಆಗುತ್ತದೆ. ಹೊಸಬರು ಎಡವುವುದು ಹೆಚ್ಚಾಗಿ ಇಲ್ಲಿಯೇ. ನಡುವೆ ಅಭ್ರಕದ ಹಾಳೆಯನ್ನೂ, ತಿರುಪಿಗೆ ಪ್ಲಾಸ್ಟಿಕ್ ವಾಷರನ್ನೂ ಹಾಕಬೇಕು.

ಎಲೆಕ್ಟ್ರೋಲಿಟಿಕ್ ಕೆಪಾಸಿಟರುಗಳ ಒಳಗಿನ ದ್ರವ ವರ್ಷಗಳು ಕಳೆದಂತೆ ಆರುತ್ತದೆ. ಸ್ಪೀಕರಿನಲ್ಲಿ ಗುಂಯ್‌ಗುಡುವ ಸದ್ದಿಗೆ ಇದೊಂದು ಸಾಮಾನ್ಯ ಕಾರಣ. ಮಿತವ್ಯಯವೇ ಉದ್ದೇಶವಾದರೂ ಇವುಗಳನ್ನು ಮಾತ್ರ ಹೊಸದಾಗಿ ಕೊಳ್ಳುವುದು ಲೇಸು.