ಬಟ್ಟಲಿನ ರಕ್ತ ಬಾಟಲಿಗೆ ಬಂದ ಕಥೆ

ಕನಕಪುರ ತಾಲ್ಲೂಕಿನ ಕೋಡಿಹಳ್ಳಿ ಹೋಬಳಿ ರಾಗಿ, ರೇಷ್ಮೆ, ಕುರಿ-ಮೇಕೆಗಳ ಸೀಮೆ. ಈ ಕಡೆಯ ಊರುಗಳಲ್ಲಿ ಹಬ್ಬಕ್ಕೆ ಮರಿ ಕೊಯ್ದರೆ ಅದರಲ್ಲಿ ಏನನ್ನೂ ದಂಡ ಮಾಡುವ ಪದ್ಧತಿಯಿಲ್ಲ. ಕೊರಳಿನ ಕೆಳಗೆ ಅಗಲವಾದ ಪಾತ್ರೆ ಹಿಡಿದು ರಕ್ತ ಹಿಡಿಯುತ್ತಾರೆ. ಪಾತ್ರೆಗೆ ಮೊದಲೇ ಉಪ್ಪು ಬಿದ್ದಿರುತ್ತದೆ. ಸ್ವಲ್ಪ ಹೊತ್ತಿಗೆ ಹೆಪ್ಪುಗಟ್ಟಿದ ಮೇಲೆ ಬೇಯಿಸಿ, ಕೈಯಲ್ಲಿ ಪುಡಿ ಮಾಡಿ, ಈರುಳ್ಳಿ, ಹಸಿಮೆಣಸಿನಕಾಯಿ, ಕಾಯಿತುರಿ ಹಾಕಿ ಹುರಿದರೆ ಕಡುಗಂದು ಬಣ್ಣದ ಪಲ್ಯ ಸಿದ್ಧ. ಲಿವರ್ ಬೇರೆ, ಬೋಟಿ ಬೇರೆ, ತಲೆ-ಕಾಲು ಬೇರೆ. ಬಾಣಂತಿ ಇರುವ ಮನೆಗೆ ಕಾಲು ಸೂಪು ಹೋಗಬೇಕು, ಬಿಳಿಚಿಕೊಂಡ ಹುಡುಗಿಗೆ ಲಿವರ್ ತಿನ್ನಿಸಬೇಕು ಎಂಬುದು ಹಳೇ ಮೈಸೂರು ಸೀಮೆಯ ಅಜ್ಜಿಯರೆಲ್ಲ ಬಲ್ಲ ವೈದ್ಯ.

ಆ ಪಲ್ಯದ ಲೆಕ್ಕ ಹಾಕಿ ನೋಡಬಹುದು. ಹೀಮೋಗ್ಲೋಬಿನ್ ತೂಕದಲ್ಲಿ ಕಬ್ಬಿಣದ ಪಾಲು ನೂರಕ್ಕೆ 0.34ರಷ್ಟು, ಅಂದರೆ ಒಂದು ಗ್ರಾಂಗೆ 3.4 ಮಿಲಿಗ್ರಾಂ. ಮೇಕೆಯ 100 ಮಿಲಿಲೀಟರ್ ರಕ್ತದಲ್ಲಿ ಹೆಚ್ಚುಕಡಿಮೆ 10 ಗ್ರಾಂ ಹೀಮೋಗ್ಲೋಬಿನ್ ಇರುತ್ತದೆ. ಹಾಗಾದರೆ ಒಂದು ಸಣ್ಣ ಲೋಟ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಕಬ್ಬಿಣ. ಅಷ್ಟೇ ತೂಕದ ಕುರಿ ಲಿವರ್‌ನಲ್ಲಿ ಇರುವುದು ಸುಮಾರು 7 ಮಿಲಿಗ್ರಾಂ. ಪ್ರಮಾಣಕ್ಕಿಂತ ಮುಖ್ಯವಾದದ್ದು ಆ ಕಬ್ಬಿಣದ ಗುಣ. ರಾಗಿ ಮತ್ತು ಸೊಪ್ಪಿನಲ್ಲಿರುವ ಕಬ್ಬಿಣವನ್ನು ಅದೇ ರಾಗಿಯ ಫೈಟೇಟ್, ಊಟದ ಜೊತೆಗಿನ ಕಾಫಿ-ಟೀ ಹಿಡಿದಿಟ್ಟುಕೊಳ್ಳುತ್ತವೆ. ರಕ್ತ-ಮಾಂಸದ ಕಬ್ಬಿಣ ‘ಹೀಮ್’ ಎಂಬ ಚೌಕಟ್ಟಿನೊಳಗೆ ಕುಳಿತು ಇಡಿಯಾಗಿ ಕರುಳಿನ ಗೋಡೆ ದಾಟುವುದರಿಂದ ಇವುಗಳ ಕಾಟ ಅದಕ್ಕೆ ಅಷ್ಟಾಗಿ ತಟ್ಟದು. ಸಾಲದ್ದಕ್ಕೆ, ಮಾಂಸದ ಸಾರಿನ ಜೊತೆ ಮುದ್ದೆ ಉಂಡರೆ ಮುದ್ದೆಯ ಕಬ್ಬಿಣವೂ ಚೆನ್ನಾಗಿ ಮೈಗೆ ಹತ್ತುತ್ತದೆ.

ಈ ತಿಳಿವಳಿಕೆ ಬಹಳ ಹಳೆಯದು. ಸುಶ್ರುತ ಸಂಹಿತೆಯ ಉತ್ತರತಂತ್ರದಲ್ಲಿ ರಕ್ತ ಬಹಳವಾಗಿ ಹರಿದುಹೋದವರಿಗೆ ಜೇನು ಬೆರೆಸಿದ ರಕ್ತ ಕುಡಿಸುವ, ಇಲ್ಲವೇ ಮೇಕೆಯ ಹಸಿ ಯಕೃತ್ತನ್ನು ಪಿತ್ತದ ಸಮೇತ ತಿನ್ನಿಸುವ ಚಿಕಿತ್ಸೆ ಇದೆ. ಅದರ ಜೊತೆಗೇ ಲೋಹದ ದಾರಿಯೂ ಬೆಳೆಯಿತು. ಕಬ್ಬಿಣ ಕರಗಿಸುವಾಗ ಉಳಿದ ಕಿಟ್ಟವನ್ನು, ಹಳೆಯದಾದಷ್ಟೂ ಒಳ್ಳೆಯದೆಂದು ಆರಿಸಿ, ಗೋಮೂತ್ರದಲ್ಲಿ ಶೋಧಿಸಿ, ಪುಟವಿಟ್ಟು ಮಾಡುವ ಮಂಡೂರ ಭಸ್ಮ ಇಂದಿಗೂ ಪಾಂಡುರೋಗಕ್ಕೆ, ಅಂದರೆ ರಕ್ತಹೀನತೆಗೆ, ಆಯುರ್ವೇದ ಪಂಡಿತರು ಕೊಡುವ ಮದ್ದು. ಕಿಟ್ಟಕ್ಕೆ ಕನಕಪುರವೂ ಸೇರಿದ ರಾಮನಗರದ ಸೀಮೆಯಲ್ಲಿ ಕೊರತೆ ಇರಲಿಲ್ಲ. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಮೈಸೂರು ಸೀಮೆ ಸುತ್ತಲು ಹೊರಟ ಫ್ರಾನ್ಸಿಸ್ ಬುಕಾನನ್ ಮಾಗಡಿ ಆಸುಪಾಸಿನ ಕಬ್ಬಿಣದ ಕುಲುಮೆಗಳನ್ನೂ ಚನ್ನಪಟ್ಟಣದಲ್ಲಿ ವಾದ್ಯಗಳಿಗೆಂದು ಎಳೆಯುತ್ತಿದ್ದ ಉಕ್ಕಿನ ತಂತಿಯನ್ನೂ ಕಂಡು ಬರೆದಿಟ್ಟಿದ್ದಾನೆ. ನೆಲದಲ್ಲಿ ಇಷ್ಟು ಕಬ್ಬಿಣವಿದ್ದ ಸೀಮೆಯ ಹೆಂಗಸರ ಮೈಯಲ್ಲಿ ಅದೇ ಕಬ್ಬಿಣಕ್ಕೆ ತತ್ವಾರ ಇತ್ತು, ಈಗಲೂ ಇದೆ.

ಯುರೋಪಿನಲ್ಲೂ ಎರಡು ದಾರಿ. 1832ರಲ್ಲಿ ಫ್ರಾನ್ಸಿನ ವೈದ್ಯ ಪಿಯೆರ್ ಬ್ಲೋ ಕಬ್ಬಿಣದ ಸಲ್ಫೇಟಿನಿಂದ ಗುಳಿಗೆ ಮಾಡಿ, ಬಿಳಿಚಿಕೊಂಡ ಹುಡುಗಿಯರನ್ನು ಗುಣಪಡಿಸಿದ. ಗುಳಿಗೆ ಅಗ್ಗ, ಆದರೆ ಹೊಟ್ಟೆಗೆ ಕಷ್ಟ. ಶತಮಾನದ ಕೊನೆಗೆ, 1890ರ ಹೊತ್ತಿಗೆ, ಸ್ವಿಟ್ಜರ್ಲೆಂಡಿನ ಅಡಾಲ್ಫ್ ಹೊಮ್ಮೆಲ್ ಎತ್ತಿನ ರಕ್ತದಿಂದ ‘ಹೆಮಟೊಜೆನ್’ ಎಂಬ ಟಾನಿಕ್ ತಯಾರಿಸಿದ. ಗ್ಲಿಸರಿನ್ ಮತ್ತು ವೈನ್ ಸೇರಿಸಿ ರಕ್ತದ ವಾಸನೆ ಮರೆಸಿದ ಆ ಬಾಟಲಿ ದೇಶ ದೇಶಗಳಿಗೆ ಹೋಯಿತು. ರಷ್ಯಾದಲ್ಲಿ ಅದು ಮಕ್ಕಳು ತಿನ್ನುವ ಸಿಹಿ ಬಿಲ್ಲೆಯಾಗಿ ರೂಪ ಬದಲಿಸಿತು. ಇಂದಿಗೂ ಅಲ್ಲಿನ ಔಷಧಿ ಅಂಗಡಿಗಳಲ್ಲಿ ಸಿಗುತ್ತದೆ. ಹಳ್ಳಿಯ ಅಡುಗೆಮನೆಯಲ್ಲಿ ಬಾಣಲೆಯಲ್ಲಿದ್ದ ವಸ್ತು ಲೇಬಲ್ ಅಂಟಿಸಿಕೊಂಡು ಮಾರಾಟಕ್ಕೆ ಬಂದದ್ದು ಹೀಗೆ.

ಲಿವರ್ ಕಥೆ ಇನ್ನೂ ಸ್ವಾರಸ್ಯದ್ದು, ಅದರಲ್ಲಿ ಒಂದು ದೊಡ್ಡ ತಪ್ಪು ತಿಳಿವಳಿಕೆಯೂ ಸೇರಿದೆ. ಅಮೆರಿಕದ ಜಾರ್ಜ್ ವಿಪಲ್ ಮತ್ತು ಫ್ರೀಡಾ ರಾಬ್‌ಶೈಟ್-ರಾಬಿನ್ಸ್ ನಾಯಿಗಳ ರಕ್ತ ತೆಗೆದು ರಕ್ತಹೀನತೆ ಬರಿಸಿ, ಯಾವ ಆಹಾರದಿಂದ ಬೇಗ ಸುಧಾರಿಸುತ್ತವೆ ಎಂದು ವರ್ಷಗಟ್ಟಲೆ ಪರೀಕ್ಷಿಸಿದರು. ಲಿವರ್ ಎಲ್ಲಕ್ಕಿಂತ ಮುಂದಿತ್ತು. ಇದನ್ನು ಓದಿದ ಬಾಸ್ಟನ್ನಿನ ಜಾರ್ಜ್ ಮಿನೋ ಮತ್ತು ವಿಲಿಯಂ ಮರ್ಫಿ, ಆಗ ಸಾವೇ ಗತಿ ಎನಿಸಿದ್ದ ‘ಪರ್ನೀಷಿಯಸ್ ಅನೀಮಿಯಾ’ ಎಂಬ ಬಗೆಯ ರಕ್ತಹೀನತೆಯ ರೋಗಿಗಳಿಗೆ ದಿನವೂ ಕಾಲು ಕಿಲೋದಷ್ಟು ಲಿವರ್ ತಿನ್ನಿಸಿದರು. 1926ರಲ್ಲಿ 45 ರೋಗಿಗಳ ವರದಿ ಬಂತು. ಹಾಸಿಗೆ ಹಿಡಿದವರು ಎದ್ದು ಓಡಾಡತೊಡಗಿದ್ದರು. 1934ರಲ್ಲಿ ವಿಪಲ್, ಮಿನೋ, ಮರ್ಫಿ ಮೂವರಿಗೂ ನೊಬೆಲ್ ಬಂತು. ನಿಜ ಏನೆಂದರೆ, ವಿಪಲ್‌ನ ನಾಯಿಗಳು ಚೇತರಿಸಿಕೊಂಡದ್ದು ಮುಖ್ಯವಾಗಿ ಲಿವರ್‌ನ ಕಬ್ಬಿಣದಿಂದ. ಮಿನೋನ ರೋಗಿಗಳು ಬದುಕಿದ್ದು ಅದೇ ಲಿವರ್‌ನಲ್ಲಿದ್ದ ಬಿ12 ವಿಟಮಿನ್‌ನಿಂದ. ಆ ವಿಟಮಿನ್ ಬೇರ್ಪಡಿಸಿ ತೆಗೆಯಲು 1948ರವರೆಗೆ ಕಾಯಬೇಕಾಯಿತು. ಟನ್ನುಗಟ್ಟಲೆ ಲಿವರ್ ಅರೆದರೆ ಸಿಗುತ್ತಿದ್ದದ್ದು ಚಿಟಿಕೆಯಷ್ಟು ಕೆಂಪು ಹರಳು.

ದಿನಕ್ಕೆ ಕಾಲು ಕಿಲೋ ಲಿವರ್ ತಿಂದು ಬದುಕುವುದು ಎಂಥ ಹಿಂಸೆ ಎಂದು ಊಹಿಸಬಹುದು. ಹಾರ್ವರ್ಡ್‌ನ ಎಡ್ವಿನ್ ಕೋನ್ ಅದರ ಸಾರ ತೆಗೆದ. 1928ರಲ್ಲಿ ಅದು ಪುಡಿಯಾಗಿ ಅಂಗಡಿಗೆ ಬಂತು, ಆಮೇಲೆ ಇಂಜೆಕ್ಷನ್ ಆಯಿತು. ಮುಂದೆ ದಶಕಗಟ್ಟಲೆ ನಮ್ಮ ಊರುಗಳಲ್ಲೂ ಸುಸ್ತು ಎಂದವರಿಗೆಲ್ಲ ಚುಚ್ಚುತ್ತಿದ್ದ ‘ಲಿವರ್ ಇಂಜೆಕ್ಷನ್’ ಈ ವಂಶದ್ದೇ.

ಅದೇ 1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಮುಂಬಯಿಗೆ ಬಂದಳು. ಬಟ್ಟೆ ಗಿರಣಿಗಳಲ್ಲಿ ದುಡಿಯುತ್ತಿದ್ದ ಬಡ ಗರ್ಭಿಣಿಯರು ವಿಪರೀತ ರಕ್ತಹೀನತೆಯಿಂದ ಸಾಯುತ್ತಿದ್ದರು. ಹಾಫ್ಕಿನ್ ಇನ್‌ಸ್ಟಿಟ್ಯೂಟಿನಲ್ಲಿ ಕೆಲಸ ಮಾಡುತ್ತ, ನಡುವೆ ನೀಲಗಿರಿಯ ಕೂನೂರಿನ ಪ್ರಯೋಗಾಲಯಕ್ಕೂ ಹೋಗಿ, ಆ ಹೆಂಗಸರು ಏನು ಉಣ್ಣುತ್ತಿದ್ದರು ಎಂಬುದನ್ನೇ ಆಕೆ ಮೊದಲು ಹುಡುಕಿದಳು. ಅವರಿಗೆ ಲಿವರ್ ಕೊಡಬಹುದಿತ್ತು, ಆದರೆ ಬಡವರಿಗೆ ಅದು ಎಟುಕದ ಮದ್ದು. ಆಕೆ ಹಿಡಿದದ್ದು ಯೀಸ್ಟಿನ ಅಗ್ಗದ ಸಾರವಾದ ಮಾರ್ಮೈಟನ್ನು. ರೋಗಿಗಳು ಕೆಲವೇ ದಿನಗಳಲ್ಲಿ ಚೇತರಿಸಿಕೊಂಡರು. 1931ರಲ್ಲಿ ಪ್ರಕಟವಾದ ಆ ಕೆಲಸವೇ ಫೋಲಿಕ್ ಆಮ್ಲದ ಮೊದಲ ಸುಳಿವು. ಅದನ್ನು ಲಿವರ್‌ನಿಂದ ಬೇರ್ಪಡಿಸಿ, 1945ರಲ್ಲಿ ಪ್ರಯೋಗಶಾಲೆಯಲ್ಲೇ ತಯಾರಿಸಿದ್ದು ಭೀಮಾವರಂನಲ್ಲಿ ಹುಟ್ಟಿ ಅಮೆರಿಕದಲ್ಲಿ ದುಡಿದ ಯಲ್ಲಾಪ್ರಗಡ ಸುಬ್ಬರಾವ್ ಅವರ ತಂಡ. ಇಂದು ಗರ್ಭಿಣಿಗೆ ಕೊಡುವ ಮಾತ್ರೆಯಲ್ಲಿ ಕಬ್ಬಿಣದ ಪಕ್ಕದಲ್ಲಿ ಕುಳಿತಿರುವುದು ಇದೇ. ಗರ್ಭಿಣಿಯ ಕಾಯಿಲೆಯನ್ನು ಆಕೆಯ ತಟ್ಟೆಯಲ್ಲಿ ಹುಡುಕಿದ ಲೂಸಿ ವಿಲ್ಸ್‌ಗೆ ನೊಬೆಲ್ ಬರಲಿಲ್ಲ. ಈ ಇಡೀ ಚರಿತ್ರೆಯಲ್ಲಿ ಹಳ್ಳಿಯ ಹೆಂಗಸರಿಗೆ ಅತಿ ಹೆಚ್ಚು ಉಪಕಾರವಾದದ್ದು ಆಕೆಯಿಂದ.

ಮೈಸೂರು ಸಂಸ್ಥಾನದ ಹಳ್ಳಿಗಳಲ್ಲಿ ಇನ್ನೊಂದು ಶತ್ರು ಇತ್ತು, ಕೊಕ್ಕೆಹುಳು. ಬರಿಗಾಲಿನಲ್ಲಿ ಹೊಲಕ್ಕೆ, ಬಯಲಿಗೆ ಹೋಗುವವರ ಪಾದದಿಂದ ಒಳಹೊಕ್ಕು ಕರುಳು ಕಚ್ಚಿಕೊಳ್ಳುವ ಈ ಹುಳು, ಒಂದೊಂದೂ ದಿನಕ್ಕೆ ಸುಮಾರು 0.03 ಮಿಲಿಲೀಟರ್ ರಕ್ತ ಹೀರುತ್ತದೆ. ನೂರು ಹುಳು ಸೇರಿದರೆ ದಿನಕ್ಕೆ ಒಂದು ಮಿಲಿಗ್ರಾಂ ಕಬ್ಬಿಣ ಹೋಯಿತು. ಹೆಂಗಸೊಬ್ಬಳ ಮೈ ಇಡೀ ದಿನದ ಊಟದಿಂದ ಹೀರಿಕೊಳ್ಳುವುದೇ ಹೆಚ್ಚುಕಡಿಮೆ ಅಷ್ಟು. ಇಂಥ ಕಾಯಿಲೆಗಳ ಮೇಲೆ ಕೆಲಸ ಮಾಡಲು ರಾಕ್‌ಫೆಲರ್ ಪ್ರತಿಷ್ಠಾನ ಮೈಸೂರು ಸರ್ಕಾರದ ಜೊತೆ ಕೈಜೋಡಿಸಿತು. ಆಗ ಕ್ಲೋಸ್‌ಪೇಟೆ ಎನ್ನುತ್ತಿದ್ದ ರಾಮನಗರದಲ್ಲಿ 1930ರ ದಶಕದಲ್ಲಿ ಗ್ರಾಮೀಣ ಆರೋಗ್ಯ ತರಬೇತಿ ಕೇಂದ್ರ ಶುರುವಾಯಿತು. ಕಕ್ಕಸು, ಕುಡಿಯುವ ನೀರು, ಹುಳುವಿನ ಮದ್ದು ಇವೂ ರಕ್ತದ ವಿಷಯವೇ ಎಂದು ಈ ಸೀಮೆ ಕಲಿಯಲು ಶುರುಮಾಡಿದ್ದು ಆಗ.

ಸ್ವಾತಂತ್ರ್ಯದ ನಂತರದ ದಶಕಗಳಲ್ಲಿ ನಮ್ಮ ಔಷಧಿ ಅಂಗಡಿಗಳ ಕಪಾಟು ಕೆಂಪು-ಕಂದು ಟಾನಿಕ್ ಬಾಟಲಿಗಳಿಂದ ತುಂಬಿತು. ಹಲವು ಟಾನಿಕ್‌ಗಳಲ್ಲಿ ಇದ್ದದ್ದು ಕಸಾಯಿಖಾನೆಯ ರಕ್ತದಿಂದ ತೆಗೆದ ಹೀಮೋಗ್ಲೋಬಿನ್. ಮೊಟ್ಟೆಯನ್ನೂ ಮುಟ್ಟದ ಮನೆಗಳ ಬಸುರಿಯರು, ಮಕ್ಕಳು ಇದನ್ನು ಚಮಚ ಚಮಚ ಕುಡಿದರು. ಲೇಬಲ್‌ನಲ್ಲಿ ಹೀಮೋಗ್ಲೋಬಿನ್ ಎಂದು ಬರೆದಿರುತ್ತಿತ್ತು, ಅದು ಎಲ್ಲಿಂದ ಬಂತು ಎಂದು ಬರೆದಿರುತ್ತಿರಲಿಲ್ಲ. ಸಸ್ಯಾಹಾರಿಗಳಿಗೆ ಇದು ದೊಡ್ಡ ಅನ್ಯಾಯ. ರಕ್ತಹೀನತೆ ಗುಣಪಡಿಸುವ ಮದ್ದಾಗಿ ಅದು ಮಾಂಸಾಹಾರಿಗಳಿಗೂ ಸಾಲುತ್ತಿರಲಿಲ್ಲ. ಒಂದು ಸಲದ ಟಾನಿಕ್‌ನಲ್ಲಿ 2 ಗ್ರಾಂ ಹೀಮೋಗ್ಲೋಬಿನ್ ಇದ್ದರೂ ಅದರಲ್ಲಿ ಸಿಗುವ ಕಬ್ಬಿಣ 7 ಮಿಲಿಗ್ರಾಂಗಿಂತ ಕಡಿಮೆ, ಅದರಲ್ಲಿ ಕಾಲು ಭಾಗ ಮೈಗೆ ಹತ್ತಿದರೆ ಎರಡು ಮಿಲಿಗ್ರಾಂ ಕೂಡ ಇಲ್ಲ. ಹಬ್ಬದ ಮನೆಯ ಒಂದು ಹಿಡಿ ರಕ್ತದ ಪಲ್ಯ ಇದಕ್ಕಿಂತ ಎಷ್ಟೋ ವಾಸಿ. ಕಸಾಯಿಖಾನೆಯಿಂದ ಕಾರ್ಖಾನೆಗೆ ಬರುವ ರಕ್ತ ಎಷ್ಟು ಶುದ್ಧ ಎಂಬ ಪ್ರಶ್ನೆಯೂ ಇತ್ತು. ಕೊನೆಗೆ ಕೇಂದ್ರ ಸರ್ಕಾರ 1999ರ ಡಿಸೆಂಬರ್‌ನಲ್ಲಿ ಅಧಿಸೂಚನೆ ಹೊರಡಿಸಿ, ಹೀಮೋಗ್ಲೋಬಿನ್ ಸೇರಿಸಿದ ಮಿಶ್ರ ಔಷಧಿಗಳನ್ನು 2000ದ ಸೆಪ್ಟೆಂಬರ್‌ನಿಂದ ನಿಷೇಧಿಸಿತು. ಟಾನಿಕ್‌ಗಳು ಉಳಿದವು, ಒಳಗಿನ ಕಬ್ಬಿಣ ಮಾತ್ರ ರಾಸಾಯನಿಕ ಲವಣವಾಯಿತು.

ನಿಷೇಧ ಸರಿಯಾಗಿತ್ತು. ಹಾಗೆಂದು ಪ್ರಾಣಿಮೂಲದ ಕಬ್ಬಿಣವೇ ಕೆಟ್ಟದ್ದೆಂದು ಅರ್ಥವಲ್ಲ. 1980ರ ದಶಕದಲ್ಲಿ ಚಿಲಿ ದೇಶ ಶಾಲೆಯ ಊಟದಲ್ಲಿ ದನದ ಹೀಮೋಗ್ಲೋಬಿನ್ ಬೆರೆಸಿದ ಬಿಸ್ಕತ್ತು ಕೊಟ್ಟು ಮಕ್ಕಳ ಕಬ್ಬಿಣದ ಮಟ್ಟ ಸುಧಾರಿಸಿತ್ತು. ಅಲ್ಲಿ ಯಾರಿಗೂ ಮುಚ್ಚಿಟ್ಟು ಕೊಡುವ ಪ್ರಮೇಯವಿರಲಿಲ್ಲ. ಇಲ್ಲಿ ಅದೇ ಕೆಲಸ ಕದ್ದುಮುಚ್ಚಿ ನಡೆಯಿತು.

ಅಷ್ಟರಲ್ಲಿ ಸರ್ಕಾರದ ಮಾತ್ರೆ ಹಳ್ಳಿಗೆ ಬಂದಿತ್ತು. ಪೌಷ್ಟಿಕ ರಕ್ತಹೀನತೆ ತಡೆಯುವ ರಾಷ್ಟ್ರೀಯ ಕಾರ್ಯಕ್ರಮ ಶುರುವಾದದ್ದು 1970ರಲ್ಲಿ. 2018ರಿಂದ ನಡೆಯುತ್ತಿರುವ ಅನೀಮಿಯಾ ಮುಕ್ತ ಭಾರತ ಯೋಜನೆಯಲ್ಲಿ ಗರ್ಭಿಣಿಗೆ ದಿನಕ್ಕೊಂದು ಕೆಂಪು ಮಾತ್ರೆ, ಹೈಸ್ಕೂಲು ಹುಡುಗಿಯರಿಗೆ ವಾರಕ್ಕೊಂದು ನೀಲಿ ಮಾತ್ರೆ. ಒಂದು ಕೆಂಪು ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ; ಹಿಂದಿನ ಟಾನಿಕ್‌ನ ಒಂದು ಸಲದ ಅಳತೆ ಇದರ ಮುಂದೆ ಬಹಳ ಕಡಿಮೆ. ಆದರೂ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 47.8 ಮಂದಿಗೆ ರಕ್ತಹೀನತೆ. ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ 65.5. ಎರಡೂ ಹಿಂದಿನ ಸಮೀಕ್ಷೆಗಿಂತ ಏರಿವೆ.

ಮಾತ್ರೆ ಮನೆಗೆ ಬರುತ್ತದೆ, ಡಬ್ಬಿಯಲ್ಲೇ ಉಳಿಯುತ್ತದೆ. ವಾಕರಿಕೆ, ಮಲಬದ್ಧತೆ, ಮಲ ಕಪ್ಪಗಾಗುವುದು, ಕೂಸು ಕಪ್ಪಗೆ ಹುಟ್ಟುತ್ತದೆಂಬ ಸುಳ್ಳು ಹೆದರಿಕೆ, ಹೀಗೆ ಬಿಡುವುದಕ್ಕೆ ನೂರು ನೆಪ. ಮಾಂಸ ಉಣ್ಣುವ ಮನೆಗಳಲ್ಲೂ ಲಿವರ್ ಚೂರು ಮೊದಲು ಬೀಳುವುದು ಗಂಡಸರ ತಟ್ಟೆಗೆ. ಕೊನೆಗೆ ಉಣ್ಣುವ ಸೊಸೆಗೆ ಉಳಿಯುವುದು ಸಾರು. ಪ್ರಾಣಿಮೂಲದ ಕಬ್ಬಿಣ ನಮ್ಮ ಅಡುಗೆಮನೆಯಲ್ಲಿ ಯಾವತ್ತೂ ಇತ್ತು, ಬೇಕಾದವಳಿಗೆ ಸಿಗಲಿಲ್ಲ ಅಷ್ಟೆ.

ಇದನ್ನು ಓದುತ್ತಿರುವವರ ಮನೆಯಲ್ಲಿ ಮಾಂಸ ಮಾಡುವುದಿದ್ದರೆ ಮುಂದಿನ ಸಲ ಮೊದಲ ಪಾಲು ಬೆಳೆಯುವ ಹುಡುಗಿಗೆ, ಬಾಣಂತಿಗೆ ಬಡಿಸಿ. ಗರ್ಭಿಣಿಗೆ ಮಾತ್ರ ಲಿವರ್ ಮೇಲಿಂದ ಮೇಲೆ ಬೇಡ, ಅದರಲ್ಲಿರುವ ಎ ವಿಟಮಿನ್ ಹೆಚ್ಚಾದರೆ ಕೂಸಿಗೆ ಅಪಾಯ. ಕೆಂಪು ಮಾತ್ರೆಯನ್ನು ಕಾಫಿ, ಟೀ, ಹಾಲಿನ ಜೊತೆ ನುಂಗಬೇಡಿ, ಕ್ಯಾಲ್ಸಿಯಂ ಮಾತ್ರೆಯ ಜೊತೆಗೂ ಬೇಡ. ನಿಂಬೆಹಣ್ಣಿನ ಪಾನಕದ ಜೊತೆ ನುಂಗಿ. ಹೊಟ್ಟೆಗೆ ಒಗ್ಗದಿದ್ದರೆ ನಿಲ್ಲಿಸುವ ಮೊದಲು ಆಶಾ ಕಾರ್ಯಕರ್ತೆಯನ್ನೋ ಸರ್ಕಾರಿ ಆಸ್ಪತ್ರೆಯ ನರ್ಸಮ್ಮನನ್ನೋ ಒಂದು ಮಾತು ಕೇಳಿ. ಮಾತ್ರೆ ಅಲ್ಲಿ ಪುಕ್ಕಟೆ ಸಿಗುತ್ತದೆ, ಗರ್ಭಿಣಿಗೆ ಆರು ತಿಂಗಳು, ಹೆರಿಗೆಯ ಮೇಲೆ ಇನ್ನೂ ಆರು ತಿಂಗಳು.