ಕುಂಬಳಕಾಯಿ ಪಲ್ಯ

ಕುಂಬಳಕಾಯಿ ಪಲ್ಯವು ಬಲಿತ ಸಿಹಿಗುಂಬಳದ ಹೋಳುಗಳನ್ನು ಒಗ್ಗರಣೆಯಲ್ಲಿ ಬೇಯಿಸಿ, ಹುಣಸೆಹುಳಿ, ಬೆಲ್ಲ ಮತ್ತು ಖಾರವನ್ನು ಸೇರಿಸಿ ತಯಾರಿಸುವ ಮೇಲೋಗರ. ಕರ್ನಾಟಕದ ಎಲ್ಲ ಭಾಗಗಳಲ್ಲಿಯೂ ಇದು ಬಳಕೆಯಲ್ಲಿದೆ. ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿ ತಾಲ್ಲೂಕುಗಳ ನಾಗನೂರ ಮೊದಲಾದ ಊರುಗಳನ್ನು ಒಳಗೊಂಡ ಉತ್ತರ ಕರ್ನಾಟಕದಲ್ಲಿ ಇದನ್ನು ಸಾಮಾನ್ಯವಾಗಿ ಜೋಳದ ರೊಟ್ಟಿ ಅಥವಾ ಚಳಿಗಾಲದಲ್ಲಿ ಸಜ್ಜೆ ರೊಟ್ಟಿಯೊಂದಿಗೆ ಉಣ್ಣುತ್ತಾರೆ. ಕಡಿಮೆ ಎಣ್ಣೆಯಲ್ಲಿ, ಅರ್ಧ ಗಂಟೆಯೊಳಗೆ ಸಿದ್ಧವಾಗುವ ಅಡುಗೆ ಇದಾಗಿದೆ.

ಹೆಸರು

ಕನ್ನಡದಲ್ಲಿ ‘ಕುಂಬಳಕಾಯಿ’ ಎಂಬ ಪದವು ಎರಡು ಬೇರೆ ಬೇರೆ ಸಸ್ಯಗಳ ಕಾಯಿಗಳಿಗೆ ಸಲ್ಲುತ್ತದೆ. ಒಂದು, ಬೂದಿ ಬಳಿದಂತೆ ಕಾಣುವ ಬೂದುಗುಂಬಳ (ಬೆನಿನ್‌ಕಾಸಾ ಹಿಸ್ಪಿಡಾ). ಆಯುಧಪೂಜೆಯಂದು ಒಡೆಯುವುದು ಇದನ್ನೇ. ಚಲನಚಿತ್ರದ ಚಿತ್ರೀಕರಣ ಮುಗಿದುದನ್ನು ‘ಕುಂಬಳಕಾಯಿ ಒಡೆಯಲಾಯಿತು’ ಎಂದು ಹೇಳುವಾಗಲೂ ಇದೇ ಕಾಯಿ ಉದ್ದಿಷ್ಟ. ಇನ್ನೊಂದು, ಕಿತ್ತಳೆ ಅಥವಾ ಹಳದಿ ತಿರುಳಿನ ಸಿಹಿಗುಂಬಳ. ಈ ಲೇಖನದ ಪಲ್ಯಕ್ಕೆ ಬೇಕಾದುದು ಎರಡನೆಯದು. ಮಲೆನಾಡಿನಲ್ಲಿ ಇದಕ್ಕೆ ಚೀನಿಕಾಯಿ ಎಂದೂ, ತುಳುವಿನಲ್ಲಿ ಕೆಂಬುಡೆ ಎಂದೂ, ಗಡಿಯಾಚೆಯ ಮರಾಠಿಯಲ್ಲಿ ಲಾಲ ಭೋಪಳಾ ಅಥವಾ ಡಾಂಗರ ಎಂದೂ ಹೆಸರುಗಳಿವೆ. ‘ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ’ ಎಂಬ ಗಾದೆಯ ಕಳ್ಳ ಕದ್ದದ್ದು ಯಾವ ಕುಂಬಳ ಎಂಬುದನ್ನು ಗಾದೆ ಹೇಳುವುದಿಲ್ಲ. ಹೆಗಲಿಗೆ ಬೂದಿ ಅಂಟಿರಬೇಕಾದರೆ ಅದು ಬೂದುಗುಂಬಳವೇ ಇದ್ದೀತು.

ಸಿಹಿಗುಂಬಳದ ಹಿನ್ನೆಲೆ

ಭಾರತದಲ್ಲಿ ಬೆಳೆಯುವ ಸಿಹಿಗುಂಬಳ ಹೆಚ್ಚಾಗಿ ಕುಕುರ್ಬಿಟಾ ಮೊಸ್ಕಾಟಾ ಪ್ರಭೇದಕ್ಕೆ ಸೇರಿದ್ದು. ಕುಕುರ್ಬಿಟಾ ಮ್ಯಾಕ್ಸಿಮಾ ಪ್ರಭೇದವೂ ಕೃಷಿಯಲ್ಲಿದೆ. ಈ ಕುಲದ ಮೂಲ ಅಮೆರಿಕ ಖಂಡಗಳು. ಮೆಕ್ಸಿಕೊದ ಓಹಾಕಾ ಪ್ರಾಂತದ ಗಿಲಾ ನಾಕಿಟ್ಸ್ ಗುಹೆಯಲ್ಲಿ ದೊರೆತ, ಇದೇ ಕುಲದ ಮತ್ತೊಂದು ಪ್ರಭೇದವಾದ ಕುಕುರ್ಬಿಟಾ ಪೆಪೊದ ಬೀಜಗಳು ಸುಮಾರು 10,000 ವರ್ಷ ಹಳೆಯವು. ಅಲ್ಲಿನ ರೈತರು ಮೆಕ್ಕೆಜೋಳ, ಹುರುಳಿಕಾಯಿ ಮತ್ತು ಕುಂಬಳವನ್ನು ಒಂದೇ ಹೊಲದಲ್ಲಿ ಕೂಡಿಸಿ ಬೆಳೆಯುತ್ತಿದ್ದರು. ಯುರೋಪಿನವರ ಸಮುದ್ರ ವ್ಯಾಪಾರದ ನಂತರವೇ ಈ ಕಾಯಿ ಭಾರತಕ್ಕೆ ಬಂದಿತು. ಪಲ್ಯಕ್ಕೆ ಹಾಕುವ ಮೆಣಸಿನಕಾಯಿ ಮತ್ತು ಶೇಂಗಾ ಸಹ ಅದೇ ಖಂಡಗಳಿಂದ ಬಂದವು. ತೀರ ದೇಸಿ ಎನಿಸುವ ಈ ಅಡುಗೆಯ ಮುಖ್ಯ ಸಾಮಗ್ರಿಗಳಲ್ಲಿ ಮೂರು ಐದು ಶತಮಾನಗಳ ಹಿಂದೆ ಕರ್ನಾಟಕದಲ್ಲಿ ಇರಲಿಲ್ಲ.

ಮುಂಗಾರಿನಲ್ಲಿ ಊರಿದ ಬೀಜದಿಂದ ಸುಮಾರು ನಾಲ್ಕು ತಿಂಗಳಲ್ಲಿ ಕಾಯಿ ಬಲಿಯುತ್ತದೆ. ಹೀಗಾಗಿ ಚಳಿಗಾಲದ ಹೊತ್ತಿಗೆ ಸಂತೆಗಳಲ್ಲಿ ಕಾಯಿ ಸಮೃದ್ಧವಾಗಿರುತ್ತದೆ. ಘಟಪ್ರಭಾ ನದಿಗೆ ಹುಕ್ಕೇರಿ ತಾಲ್ಲೂಕಿನ ಹಿಡಕಲ್‌ನಲ್ಲಿ ಕಟ್ಟಿದ ಅಣೆಕಟ್ಟಿನ ಕಾಲುವೆಗಳು ನೀರುಣಿಸುವ ಈ ಸೀಮೆಯಲ್ಲಿ ಕಬ್ಬು, ಮೆಕ್ಕೆಜೋಳಗಳೇ ಪ್ರಧಾನ ಬೆಳೆಗಳು. ಕುಂಬಳದ ಬಳ್ಳಿಗೆ ಸಿಗುವುದು ಬಹುಮಟ್ಟಿಗೆ ಬೇಲಿ, ಬದು, ಹಿತ್ತಿಲು ಮತ್ತು ತಿಪ್ಪೆಯ ಅಂಚು. ಬೆಂಗಳೂರಿನ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ಅರ್ಕಾ ಚಂದನ್ ಮತ್ತು ಅರ್ಕಾ ಸೂರ್ಯಮುಖಿ ಎಂಬ ತಳಿಗಳನ್ನು ಬಿಡುಗಡೆ ಮಾಡಿದೆ. ಸೂರ್ಯಮುಖಿಯ ಕಾಯಿ ಸುಮಾರು ಒಂದು ಕಿಲೊ ತೂಗುವುದರಿಂದ ಸಣ್ಣ ಕುಟುಂಬಕ್ಕೆ ಅನುಕೂಲ.

ತಯಾರಿಸುವ ವಿಧಾನ

ನಾಲ್ವರಿಗೆ ಸಾಕಾಗುವಷ್ಟು ಪಲ್ಯಕ್ಕೆ ಬೀಜ, ನಾರು ತೆಗೆದ ಅರ್ಧ ಕಿಲೊ ಕುಂಬಳಕಾಯಿ, ಒಂದು ದೊಡ್ಡ ಚಮಚ ಶೇಂಗಾ ಎಣ್ಣೆ, ಒಗ್ಗರಣೆಗೆ ಸಾಸಿವೆ, ಜೀರಿಗೆ, ಹತ್ತು ಹನ್ನೆರಡು ಮೆಂತ್ಯಕಾಳು, ಕರಿಬೇವು, ಇಂಗು ಮತ್ತು ಅರಿಸಿನ ಬೇಕು. ಇವುಗಳ ಜೊತೆಗೆ ಒಂದು ಚಮಚ ಕೆಂಪು ಖಾರ, ಗೋಲಿಯಷ್ಟು ಹುಣಸೆಹಣ್ಣಿನ ರಸ, ಎರಡು ಚಮಚ ಬೆಲ್ಲದ ಪುಡಿ, ಎರಡು ದೊಡ್ಡ ಚಮಚ ಹುರಿದ ಶೇಂಗಾ ಪುಡಿ, ರುಚಿಗೆ ಉಪ್ಪು. ಶೇಂಗಾ ಬದಲು ಗುರೆಳ್ಳಿನ ಪುಡಿಯನ್ನೂ ಹಾಕಬಹುದು. ಅದರ ಸಣ್ಣ ಕಹಿ ಕುಂಬಳದ ಸಿಹಿಗೆ ಚೆನ್ನಾಗಿ ಹೊಂದುತ್ತದೆ.

ಕಾಯಿಯನ್ನು ಒಂದು ಅಂಗುಲದ ಹೋಳುಗಳಾಗಿ ಹೆಚ್ಚಬೇಕು. ಸಿಪ್ಪೆ ಎಳೆಯದಾಗಿದ್ದರೆ ತೆಗೆಯಬೇಕಿಲ್ಲ. ಸಿಪ್ಪೆಯಿದ್ದ ಹೋಳು ಕರಗದೆ ನಿಲ್ಲುತ್ತದೆ. ಎಣ್ಣೆ ಕಾದ ಮೇಲೆ ಸಾಸಿವೆ ಸಿಡಿಸಿ, ಜೀರಿಗೆ ಮತ್ತು ಮೆಂತ್ಯ ಹಾಕಬೇಕು. ಮೆಂತ್ಯ ಕೆಂಪಾಗುವುದರೊಳಗೆ ಉಳಿದ ಒಗ್ಗರಣೆ ಸಾಮಗ್ರಿಯನ್ನೂ ಹೋಳುಗಳನ್ನೂ ಹಾಕಬೇಕು, ಕಪ್ಪಾದರೆ ಪಲ್ಯವೆಲ್ಲ ಕಹಿಯಾಗುತ್ತದೆ. ಉಪ್ಪನ್ನು ಈ ಹಂತದಲ್ಲಿಯೇ ಸೇರಿಸಿದರೆ ಕಾಯಿ ತನ್ನ ನೀರನ್ನು ತಾನೇ ಬಿಡುತ್ತದೆ. ಕುಂಬಳದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ನೀರೇ ಇರುವುದರಿಂದ ಬೇರೆ ನೀರು ಹಾಕುವ ಅಗತ್ಯ ಬೀಳುವುದು ಅಪರೂಪ. ಪಾತ್ರೆಯ ಮೇಲೆ ತಾಟು ಮುಚ್ಚಿ, ತಾಟಿನಲ್ಲಿ ಸ್ವಲ್ಪ ನೀರು ನಿಲ್ಲಿಸಿ ಸಣ್ಣ ಉರಿಯಲ್ಲಿ ಹತ್ತು ಹನ್ನೆರಡು ನಿಮಿಷ ಬೇಯಿಸುವುದು ಹಳೆಯ ಕ್ರಮ. ಮೇಲಿನ ನೀರು ತಾಟನ್ನು ತಂಪಾಗಿಡುವುದರಿಂದ ಏಳುವ ಹಬೆ ಹನಿಯಾಗಿ ಮರಳಿ ಪಲ್ಯಕ್ಕೆ ಬೀಳುತ್ತದೆ, ತಳ ಹಿಡಿಯುವುದಿಲ್ಲ. ಕುಕ್ಕರಿನಲ್ಲಿ ಬೇಯಿಸಿದರೆ ಪಲ್ಯದ ಬದಲು ಮುದ್ದೆ ದೊರೆಯುತ್ತದೆ.

ಹುಣಸೆ ರಸವನ್ನು ಹೋಳು ಮೆತ್ತಗಾದ ಮೇಲೆಯೇ ಹಾಕಬೇಕು. ತರಕಾರಿಯ ಜೀವಕೋಶಗಳನ್ನು ಹಿಡಿದಿಡುವ ಪೆಕ್ಟಿನ್ ಹುಳಿಯಲ್ಲಿ ಬೇಗ ಸಡಿಲವಾಗುವುದಿಲ್ಲ. ಮೊದಲೇ ಹುಳಿ ಬಿದ್ದರೆ ಎಷ್ಟು ಹೊತ್ತಾದರೂ ಹೋಳು ಗಟ್ಟಿಯಾಗಿಯೇ ಇರುತ್ತದೆ. ರಸದೊಂದಿಗೆ ಖಾರ ಮತ್ತು ಬೆಲ್ಲ ಹಾಕಿ ಎರಡು ಕುದಿ ಬಂದ ನಂತರ ಶೇಂಗಾ ಪುಡಿ ಬೆರೆಸಿ, ಕೊತ್ತಂಬರಿ ಉದುರಿಸಿ ಇಳಿಸಲಾಗುತ್ತದೆ.

ಕಹಿ ಕಾಯಿಯ ಅಪಾಯ

ಸಿಹಿಗುಂಬಳ, ಸೋರೆ, ಹೀರೆ, ಸೌತೆಗಳ ಕುಟುಂಬದ ಸಸ್ಯಗಳಲ್ಲಿ ಕುಕುರ್ಬಿಟಾಸಿನ್ ಎಂಬ ಕಹಿ ವಿಷವಸ್ತುಗಳು ಇರುತ್ತವೆ. ಕೃಷಿ ತಳಿಗಳಲ್ಲಿ ಇವುಗಳ ಪ್ರಮಾಣ ಅತ್ಯಲ್ಪ. ಆದರೆ ಕಾಡುಜಾತಿ ಅಥವಾ ಅಲಂಕಾರಿಕ ಜಾತಿಗಳೊಂದಿಗೆ ಪರಾಗಸ್ಪರ್ಶವಾದ ಕಾಯಿಯ ಬೀಜದಿಂದ ಹುಟ್ಟಿದ ಬಳ್ಳಿಯಲ್ಲಿ ಒಮ್ಮೊಮ್ಮೆ ತೀರ ಕಹಿಯಾದ ಕಾಯಿ ಬಿಡುತ್ತದೆ. ಇಂತಹ ಕಾಯಿ ತಿಂದರೆ ವಾಂತಿ, ಹೊಟ್ಟೆನೋವು, ಭೇದಿ ಕಾಣಿಸಿಕೊಳ್ಳುತ್ತವೆ. ಕಹಿ ಸೋರೆಕಾಯಿಯ ರಸ ಕುಡಿದವರು ಭಾರತದಲ್ಲಿ ಮೃತಪಟ್ಟದ್ದೂ ಉಂಟು. ಬೇಯಿಸುವುದರಿಂದ ಈ ವಿಷ ನಾಶವಾಗುವುದಿಲ್ಲ, ಬೆಲ್ಲ ಹಾಕಿದರೆ ಕಹಿ ಮರೆಯಾಗುತ್ತದೆಯೇ ಹೊರತು ಅಪಾಯ ತಗ್ಗುವುದಿಲ್ಲ. ಆದ್ದರಿಂದ ತಿಪ್ಪೆಯಲ್ಲಿ ತಾನಾಗಿ ಹುಟ್ಟಿದ ಬಳ್ಳಿಯ ಕಾಯಿಯನ್ನು ಹೆಚ್ಚುವ ಮೊದಲು ಸಣ್ಣ ಚೂರನ್ನು ನಾಲಗೆಗೆ ತಾಗಿಸಿ ನೋಡಿ, ಕಹಿಯಿದ್ದರೆ ಉಗುಳಿ ಇಡೀ ಕಾಯಿಯನ್ನು ಎಸೆಯಬೇಕು.

ಪೋಷಕಾಂಶಗಳು

100 ಗ್ರಾಂ ಹಸಿ ಸಿಹಿಗುಂಬಳದಲ್ಲಿ ಸುಮಾರು 26 ಕಿಲೊಕ್ಯಾಲೊರಿ ಶಕ್ತಿ, 6.5 ಗ್ರಾಂ ಶರ್ಕರಪಿಷ್ಟ, 340 ಮಿಲಿಗ್ರಾಂ ಪೊಟ್ಯಾಸಿಯಂ ಮತ್ತು 9 ಮಿಲಿಗ್ರಾಂ ಸಿ ಜೀವಸತ್ವ ಇರುತ್ತವೆ. ಮೇಲಿನ ಅಳತೆಯ ಪಲ್ಯದಲ್ಲಿ ಒಬ್ಬರ ಪಾಲಿಗೆ ಬರುವುದು ಸುಮಾರು ನೂರು ಕಿಲೊಕ್ಯಾಲೊರಿ. ಮಧುಮೇಹಿಗಳಿಗಾಗಿ ಬೆಲ್ಲವನ್ನು ಬಿಡಬಹುದು, ಬಲಿತ ಕಾಯಿಗೆ ಅದರ ಕೊರತೆ ಅಷ್ಟಾಗಿ ತಿಳಿಯುವುದಿಲ್ಲ.

ಕಾಯಿಯ ನಿಜವಾದ ಸತ್ವವಿರುವುದು ಅದರ ಬಣ್ಣದಲ್ಲಿ. ಕಿತ್ತಳೆ ಬಣ್ಣಕ್ಕೆ ಕಾರಣವಾದ ಬೀಟಾ ಕ್ಯಾರೊಟಿನ್ ದೇಹದಲ್ಲಿ ಎ ಜೀವಸತ್ವವಾಗಿ ಮಾರ್ಪಡುತ್ತದೆ. ಈ ಜೀವಸತ್ವದ ಕೊರತೆಯಿಂದ ಮಕ್ಕಳಲ್ಲಿ ಇರುಳುಗುರುಡು ಉಂಟಾಗುತ್ತದೆ, ಕೊರತೆ ತೀವ್ರವಾದರೆ ಕಣ್ಣಿನ ಕರಿಗುಡ್ಡೆಗೆ ಹಾನಿಯಾಗಿ ದೃಷ್ಟಿಯೇ ಹೋಗಬಹುದು. ಇದನ್ನು ತಡೆಯಲು ಭಾರತ ಸರ್ಕಾರ 1970ರಲ್ಲಿ ಮಕ್ಕಳಿಗೆ ಎ ಜೀವಸತ್ವದ ದ್ರಾವಣ ನೀಡುವ ಕಾರ್ಯಕ್ರಮ ಆರಂಭಿಸಿತು. ಕ್ಯಾರೊಟಿನ್ ಕೊಬ್ಬಿನಲ್ಲಿ ಮಾತ್ರ ಕರಗುವುದರಿಂದ ಎಣ್ಣೆಯಿಲ್ಲದೆ ಬರಿದೆ ಬೇಯಿಸಿದ ಕುಂಬಳಕ್ಕಿಂತ ಒಗ್ಗರಣೆ ಹಾಕಿ ಶೇಂಗಾ ಬೆರೆಸಿದ ಪಲ್ಯದಿಂದ ದೇಹಕ್ಕೆ ಅದು ಹೆಚ್ಚು ದಕ್ಕುತ್ತದೆ.

ಬಳಕೆ

ಶೀಗಿ ಹುಣ್ಣಿಮೆ ಮತ್ತು ಎಳ್ಳ ಅಮಾವಾಸ್ಯೆಯಂದು ಉತ್ತರ ಕರ್ನಾಟಕದ ರೈತ ಕುಟುಂಬಗಳು ಹೊಲಕ್ಕೆ ಬುತ್ತಿ ಒಯ್ದು, ಚರಗ ಚೆಲ್ಲಿ, ಅಲ್ಲಿಯೇ ಕೂಡಿ ಉಣ್ಣುತ್ತವೆ. ಆ ಬುತ್ತಿಯ ಹಲವು ಪಲ್ಯಗಳ ನಡುವೆ ಕುಂಬಳಕಾಯಿಯದೂ ಇರುವುದುಂಟು. ಹುಳಿ, ಬೆಲ್ಲ ಬಿದ್ದ ಪಲ್ಯ ಚಳಿಗಾಲದಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಕೆಡದೆ ಉಳಿಯುತ್ತದೆ. ತೊಟ್ಟಿನ ಸಮೇತ ಕೊಯ್ದ, ಗಾಯವಿಲ್ಲದ ಇಡೀ ಕಾಯಿಯನ್ನು ಗಾಳಿಯಾಡುವ ಒಣ ಜಾಗದಲ್ಲಿ ಎರಡು ಮೂರು ತಿಂಗಳು ಇಡಬಹುದು. ಒಮ್ಮೆ ಕತ್ತರಿಸಿದರೆ ಒಂದೆರಡು ದಿನಗಳಲ್ಲಿ ಮುಗಿಸಬೇಕಾಗುತ್ತದೆ. ಹೀಗಾಗಿ ದೊಡ್ಡ ಕಾಯಿ ಒಡೆದ ಮನೆಯಲ್ಲಿ ಪಲ್ಯಕ್ಕೆ ಬಳಸಿ ಉಳಿದ ತುಂಡು ನೆರೆಮನೆಗಳಿಗೆ ಹೋಗುತ್ತದೆ, ಇಲ್ಲವೇ ಅದನ್ನು ತುರಿದು ಬೆಲ್ಲ ಮತ್ತು ಗೋಧಿಹಿಟ್ಟಿನೊಂದಿಗೆ ಕಲಸಿ ಗಾರಿಗೆ ಕರಿಯುತ್ತಾರೆ. ಬೀಜಗಳನ್ನು ತೊಳೆದು ಒಣಗಿಸಿ, ಹುರಿದು ತಿನ್ನುವುದೂ ರೂಢಿಯಲ್ಲಿದೆ.