ಕೊಟ್ಟಿಗೆಯಲ್ಲಿ ನಿಂತ ಜಾವಾದ ಬೆಲೆ ಎಷ್ಟು?

ಹಳೆಯ ಮನೆಯೊಂದರ ಕೊಟ್ಟಿಗೆಯ ಮೂಲೆಯಲ್ಲಿ, ಗೋಣಿಚೀಲಗಳ ಹಿಂದೆ ನಿಂತಿರುವ ಮೋಟಾರ್ ಸೈಕಲ್ಲನ್ನು ನೀವು ನೋಡಿರಬಹುದು. ಟೈರು ಬಿರಿದಿದೆ, ಟ್ಯಾಂಕಿನ ಬಣ್ಣ ಎದ್ದಿದೆ, ಕಿಕ್ ತುಳಿದರೆ ಅಲುಗುವುದಿಲ್ಲ. ಗುಜರಿಯವನು ಅದನ್ನು ತೂಕದ ಲೆಕ್ಕದಲ್ಲಿ ಕೇಳುತ್ತಾನೆ. ಹಳೆಯ ಗಾಡಿಗಳ ಹವ್ಯಾಸಿಯೊಬ್ಬ ಅದರ ಹಲವು ಪಟ್ಟು ಹಣ ಹೇಳುತ್ತಾನೆ. ಒಂದೇ ಗಾಡಿಗೆ ಇಷ್ಟು ಅಂತರ ಏಕೆ? ಇಬ್ಬರಲ್ಲಿ ಒಬ್ಬ ಮೋಸಗಾರನೇ ಆಗಿರಬೇಕೆಂದಿಲ್ಲ. ಈ ಅಂತರದ ಹಿಂದೆ ಸ್ವಲ್ಪ ಚರಿತ್ರೆಯೂ ಸ್ವಲ್ಪ ಗಣಿತವೂ ಇವೆ. ನಮ್ಮ ರಾಜ್ಯದಲ್ಲೇ ತಯಾರಾದ ಜಾವಾ ಮತ್ತು ಯೆಜ್ಡಿ ಗಾಡಿಗಳನ್ನು ಉದಾಹರಣೆಯಾಗಿಟ್ಟುಕೊಂಡು ಇದನ್ನು ನೋಡೋಣ.

ಪ್ರಾಗ್‌ನಿಂದ ಮೈಸೂರಿಗೆ

ಜಾವಾ ಎಂಬ ಹೆಸರಿಗೂ ಇಂಡೊನೇಷ್ಯಾದ ಜಾವಾ ದ್ವೀಪಕ್ಕೂ ಸಂಬಂಧವಿಲ್ಲ. 1929ರಲ್ಲಿ ಚೆಕೊಸ್ಲೊವಾಕಿಯಾದ ಉದ್ಯಮಿ ಫ್ರಾಂಟಿಷೆಕ್ ಯಾನೆಚೆಕ್ ಅವರು ಜರ್ಮನಿಯ ವಾಂಡರರ್ ಕಂಪನಿಯಿಂದ ಮೋಟಾರ್ ಸೈಕಲ್ ತಯಾರಿಕೆಯ ಹಕ್ಕನ್ನು ಕೊಂಡರು. ಎರಡೂ ಹೆಸರುಗಳ ಮೊದಲ ಎರಡೆರಡು ಅಕ್ಷರಗಳು ಸೇರಿ ಹೊಸ ಹೆಸರಾಯಿತು. ಚೆಕ್ ಜನರು ಅದನ್ನು 'ಯಾವಾ' ಎನ್ನುತ್ತಾರೆ. ನಮ್ಮಲ್ಲಿ ಅದು 'ಜಾವಾ' ಆಯಿತು.

ಸ್ವಾತಂತ್ರ್ಯಾನಂತರ ನಮ್ಮ ದೇಶದಲ್ಲಿ ವಾಹನಗಳ ಆಮದಿಗೆ ಕಡಿವಾಣ ಬಿದ್ದು, ಇಲ್ಲಿಯೇ ತಯಾರಿಸಲು ಉತ್ತೇಜನ ದೊರೆಯಿತು. ಮದರಾಸಿನಲ್ಲಿ ಎನ್‌ಫೀಲ್ಡ್ ಬಂದದ್ದು 1955ರಲ್ಲಿ. ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆಯನ್ನು 1961ರಲ್ಲಿ ಜಯಚಾಮರಾಜೇಂದ್ರ ಒಡೆಯರ್ ಅವರು ಉದ್ಘಾಟಿಸಿದರು. ಮೊದಲು ಹೊರದೇಶದಿಂದ ಬಂದ ಭಾಗಗಳನ್ನು ಇಲ್ಲಿ ಜೋಡಿಸಲಾಗುತ್ತಿತ್ತು. ಬರಬರುತ್ತ ಭಾಗಗಳೂ ಇಲ್ಲಿಯೇ ತಯಾರಾದವು. 1970ರ ದಶಕದ ಮೊದಲ ಭಾಗದಲ್ಲಿ ಜಾವಾ ಹೆಸರು ಹೋಗಿ ಯೆಜ್ಡಿ ಬಂದಿತು. 1978ರಲ್ಲಿ ರೋಡ್‌ಕಿಂಗ್ ಮಾದರಿ ಹೊರಬಂದಿತು.

1980ರ ದಶಕದ ನಡುವೆ ಜಪಾನಿ ಕಂಪನಿಗಳ ಸಹಯೋಗದಲ್ಲಿ 100 ಸಿಸಿಯ ಹಗುರವಾದ ಗಾಡಿಗಳು ಬಂದವು. ಅವು ಕಡಿಮೆ ಪೆಟ್ರೋಲಿನಲ್ಲಿ ಹೆಚ್ಚು ದೂರ ಓಡುತ್ತಿದ್ದವು. 1991ರಲ್ಲಿ ಜಾರಿಗೆ ಬಂದ ಹೊಗೆಯ ಮಿತಿ 1996ರಲ್ಲಿ ಇನ್ನಷ್ಟು ಬಿಗಿಯಾಯಿತು. ಪೆಟ್ರೋಲಿನೊಂದಿಗೆ ಎಣ್ಣೆಯನ್ನೂ ಸುಡುವ ಎರಡು ಸ್ಟ್ರೋಕಿನ ಎಂಜಿನ್ನಿಗೆ ಇದು ಕಠಿಣವೇ ಆಗಿತ್ತು. ಮೈಸೂರಿನ ಕಾರ್ಖಾನೆ 1996ರಲ್ಲಿ ಮುಚ್ಚಿತು. ಜಾವಾ ಹೆಸರು 2018ರಲ್ಲಿ, ಯೆಜ್ಡಿ ಹೆಸರು 2022ರಲ್ಲಿ ಮತ್ತೆ ರಸ್ತೆಗೆ ಬಂದವು. ಆದರೆ ಈ ಹೊಸ ಗಾಡಿಗಳದು ನಾಲ್ಕು ಸ್ಟ್ರೋಕಿನ ಎಂಜಿನ್. ಹಳೆಯದಕ್ಕೆ ಇವುಗಳ ಎಂಜಿನ್ ಭಾಗಗಳು ಹೊಂದುವುದಿಲ್ಲ.

ಈ ಚರಿತ್ರೆಯಿಂದ ಬೆಲೆಯ ಬಗ್ಗೆ ಏನು ತಿಳಿಯುತ್ತದೆ? ಮುಚ್ಚಿದ ಕಾರ್ಖಾನೆಯ ಗಾಡಿಗಳ ಸಂಖ್ಯೆ ಇನ್ನು ಹೆಚ್ಚುವಂತಿಲ್ಲ. ಮಾದರಿ ಹಾಗೂ ವರ್ಷಕ್ಕೆ ತಕ್ಕಂತೆ ಭಾಗಗಳೂ ಬೇರೆ ಬೇರೆ. 1960ರ ದಶಕದ ಜಾವಾದ ಮೂಲ ಕಾರ್ಬುರೇಟರ್, ಮೀಟರು, ಟ್ಯಾಂಕಿನ ಪದಕ ಇವು ಕಳೆದುಹೋಗಿದ್ದರೆ ಅವನ್ನು ಹುಡುಕುವುದೇ ದೊಡ್ಡ ಖರ್ಚು. ಆದ್ದರಿಂದ ನಿಮ್ಮ ಮುಂದಿರುವುದು ಯಾವ ಮಾದರಿ, ಯಾವ ವರ್ಷದ್ದು ಎಂದು ನಿಖರವಾಗಿ ತಿಳಿಯುವುದೇ ಬೆಲೆಕಟ್ಟುವ ಕೆಲಸದ ಮೊದಲ ಹೆಜ್ಜೆ.

ಒಂದು ವ್ಯವಕಲನ

ನಿಂತ ಗಾಡಿಗೆ ನೇರವಾದ ಪೇಟೆದರ ಇರುವುದಿಲ್ಲ. ಪ್ರತಿಯೊಂದರ ಸ್ಥಿತಿಯೂ ಬೇರೆ. ಆದರೆ ಅದೇ ಮಾದರಿಯ, ಚೆನ್ನಾಗಿ ಓಡುವ ಗಾಡಿಗಳು ಮಾರಾಟವಾಗುತ್ತಿರುತ್ತವೆ. ಹೀಗಾಗಿ ಲೆಕ್ಕ ಇಷ್ಟೇ: ಓಡುವ ಗಾಡಿಯ ಬೆಲೆಯಿಂದ ಇದನ್ನು ಆ ಸ್ಥಿತಿಗೆ ತರಲು ಬೇಕಾದ ಖರ್ಚನ್ನು ಕಳೆಯಿರಿ. ಉಳಿದದ್ದು ಇದರ ಬೆಲೆ. ಅದು ಗುಜರಿ ದರಕ್ಕಿಂತ ಕಡಿಮೆಯಾದರೆ ಗುಜರಿ ದರವೇ ಬೆಲೆ.

ತಿಳಿವಳಿಕೆಗಾಗಿ ಕೆಲವು ಅಂಕಿಗಳನ್ನು ಇಟ್ಟುಕೊಳ್ಳೋಣ. ಇವು ಪೇಟೆಯ ದರಗಳಲ್ಲ, ಲೆಕ್ಕಕ್ಕೆ ಊಹಿಸಿಕೊಂಡವು. ಓಡುವ ಗಾಡಿಗೆ ರೂ. 1,20,000. ಭಾಗಗಳು, ಕೂಲಿ, ದಾಖಲೆ ಎಲ್ಲ ಸೇರಿ ಖರ್ಚು ರೂ. 65,000. ಉಳಿಯುವುದು ರೂ. 55,000.

ಇಲ್ಲಿ ಪ್ರಯೋಗಶಾಲೆಯ ಪಾಠವೊಂದನ್ನು ನೆನಪಿಸಿಕೊಳ್ಳಿ. ಎರಡು ಅಳತೆಗಳನ್ನು ಕಳೆದಾಗ ಅವುಗಳ ದೋಷಗಳು ಕಳೆಯುವುದಿಲ್ಲ, ಕೂಡುತ್ತವೆ. ಓಡುವ ಗಾಡಿಯ ಬೆಲೆಯ ಅಂದಾಜಿನಲ್ಲಿ ಶೇ. 10ರಷ್ಟು, ಎಂದರೆ ರೂ. 12,000 ಹೆಚ್ಚುಕಡಿಮೆ ಇರಬಹುದು. ಖರ್ಚಿನ ಅಂದಾಜಿನಲ್ಲಿ ಶೇ. 20ರಷ್ಟು, ಎಂದರೆ ರೂ. 13,000. ಎರಡೂ ಒಂದೇ ದಿಕ್ಕಿಗೆ ವಾಲಿದರೆ ಉತ್ತರದಲ್ಲಿ ರೂ. 25,000 ದೋಷ. ರೂ. 55,000ಕ್ಕೆ ಇದು ಸುಮಾರು ಶೇ. 45! ಒಬ್ಬ ರೂ. 30,000 ಎಂದು, ಇನ್ನೊಬ್ಬ ರೂ. 80,000 ಎಂದು ಹೇಳಿದರೂ ಇಬ್ಬರೂ ಪ್ರಾಮಾಣಿಕರಾಗಿರಬಹುದು.

ಆದ್ದರಿಂದ ಮಾರುವವರಾಗಲಿ ಕೊಳ್ಳುವವರಾಗಲಿ ಚೌಕಾಸಿಗೆ ಮೊದಲು ಮಾಡಬೇಕಾದ ಕೆಲಸ ದೋಷವನ್ನು ಕಡಿಮೆ ಮಾಡುವುದು. ಹೇಗೆ?

ಎಂಜಿನ್ನನ್ನು ಓದುವುದು

ಕಿಕ್ ಅಲುಗದಿದ್ದರೆ ಎಂಜಿನ್ ಸತ್ತಿದೆ ಎಂದು ತೀರ್ಮಾನಿಸಬೇಡಿ. ಎರಡು ಸ್ಟ್ರೋಕಿನ ಎಂಜಿನ್ನಿನಲ್ಲಿ ಕವಾಟಗಳಿಲ್ಲ. ಸಿಲಿಂಡರ್ ಗೋಡೆಯಲ್ಲಿರುವ ಕಿಂಡಿಗಳನ್ನು ಪಿಸ್ಟನ್ನೇ ಮುಚ್ಚಿ ತೆರೆಯುತ್ತದೆ. ಕಿಂಡಿ ತೆರೆದ ಸ್ಥಿತಿಯಲ್ಲಿ ಗಾಡಿ ನಿಂತರೆ ತೇವದ ಗಾಳಿ ಸೈಲೆನ್ಸರ್ ಮೂಲಕ ಒಳಸೇರುತ್ತದೆ. ಎರಕದ ಕಬ್ಬಿಣದ ಸಿಲಿಂಡರ್ ತುಕ್ಕು ಹಿಡಿದು ಪಿಸ್ಟನ್ ಅಂಟಿಕೊಳ್ಳುತ್ತದೆ. ಬಲವಾಗಿ ತುಳಿದರೆ ಕಿಕ್ ಭಾಗಗಳೇ ಮುರಿದಾವು. ಜಾವಾದಲ್ಲಿ ಕಿಕ್ಕಿಗೂ ಗೇರಿಗೂ ಒಂದೇ ಸನ್ನೆ ಎಂಬುದು ನೆನಪಿರಲಿ. ಪ್ಲಗ್ ಬಿಚ್ಚಿ, ತೆಳುವಾದ ಎಣ್ಣೆಯನ್ನು ಸ್ವಲ್ಪ ಸುರಿದು ಕೆಲವು ದಿನ ಬಿಟ್ಟು ಪ್ರಯತ್ನಿಸುವುದು ಸರಿಯಾದ ಕ್ರಮ.

ಪಿಸ್ಟನ್ ಬಿಡಿಸಿಕೊಂಡ ಮೇಲೆ ಸಿಲಿಂಡರಿನ ಒಳವ್ಯಾಸವನ್ನು ಅಳೆಯಿಸಿ. ಜಾವಾ 250ರ ಮೂಲ ಅಳತೆ 65 ಮಿ.ಮೀ., ಪಿಸ್ಟನ್ ಚಲಿಸುವ ದೂರ 75 ಮಿ.ಮೀ. ವಿದ್ಯಾರ್ಥಿಗಳು ಗಾತ್ರವನ್ನು ತಾವೇ ಲೆಕ್ಕ ಹಾಕಬಹುದು: 3.14 × 3.25 × 3.25 × 7.5 = ಸುಮಾರು 248.7 ಘನ ಸೆಂ.ಮೀ. ಸವೆದ ಸಿಲಿಂಡರನ್ನು ಬೋರ್ ಮಾಡಿಸಿ ದೊಡ್ಡ ಪಿಸ್ಟನ್ ಹಾಕುವುದು ರೂಢಿ. ವ್ಯಾಸ 66 ಮಿ.ಮೀ. ಆದರೆ ಗಾತ್ರ ಸುಮಾರು 256.5 ಆಗುತ್ತದೆ. ಪ್ರತಿ ಬಾರಿ ಬೋರ್ ಮಾಡಿದಾಗಲೂ ಗೋಡೆ ತೆಳುವಾಗುತ್ತದೆ. ಎಂದರೆ ಒಳವ್ಯಾಸದ ಅಳತೆ ಎಂಜಿನ್ನಿನ ಹಿಂದಿನ ರಿಪೇರಿಗಳ ದಾಖಲೆಯೂ ಹೌದು, ಮುಂದಿನ ಆಯುಸ್ಸಿನ ಸೂಚನೆಯೂ ಹೌದು.

ಕಣ್ಣಿಗೆ ಕಾಣದ ಖರ್ಚು ಇನ್ನೊಂದಿದೆ. ಈ ಎಂಜಿನ್ನಿನ ಕ್ರಾಂಕ್ ಪೆಟ್ಟಿಗೆಯೇ ಗಾಳಿ ಮತ್ತು ಪೆಟ್ರೋಲ್ ಮಿಶ್ರಣವನ್ನು ಮೇಲಕ್ಕೆ ತಳ್ಳುವ ಪಂಪು. ಅದು ಗಾಳಿ ಸೋರದಂತೆ ಇರಬೇಕು. ವರ್ಷಗಟ್ಟಲೆ ನಿಂತರೆ ರಬ್ಬರಿನ ಸೀಲುಗಳು ಗಟ್ಟಿಯಾಗಿ ಸೋರುತ್ತವೆ. ಹೆಚ್ಚುವರಿ ಗಾಳಿ ಸೇರಿ ಎಂಜಿನ್ ಅತಿಯಾಗಿ ಬಿಸಿಯಾಗುತ್ತದೆ. ಆದ್ದರಿಂದ 'ಕಿಕ್ ಆಡುತ್ತಿದೆ, ಪೆಟ್ರೋಲ್ ಹಾಕಿದರೆ ಸಾಕು' ಎಂಬ ಮಾತನ್ನು ನಂಬಿ ಲೆಕ್ಕ ಹಾಕಬೇಡಿ.

ಟ್ಯಾಂಕು ಮತ್ತು ಮಡ್‌ಗಾರ್ಡಿಗೆ ಒಂದು ಸಣ್ಣ ಅಯಸ್ಕಾಂತ ಸಾಕು. ಉಕ್ಕಿನ ತಗಡಿಗೆ ಅದು ಗಟ್ಟಿಯಾಗಿ ಅಂಟುತ್ತದೆ. ತುಕ್ಕು ತಿಂದ ಜಾಗಕ್ಕೆ ಪುಟ್ಟಿ ತುಂಬಿ ಬಣ್ಣ ಬಳಿದಿದ್ದರೆ ಅಲ್ಲಿ ಹಿಡಿತ ಸಡಿಲವಾಗುತ್ತದೆ.

ಸಂಖ್ಯೆಗಳು ಹೇಳುವ ಕಥೆ

ಎಲ್ಲಕ್ಕಿಂತ ಹೆಚ್ಚು ವ್ಯತ್ಯಾಸ ಮಾಡುವುದು ಎರಡು ಸಂಖ್ಯೆಗಳು: ಎಂಜಿನ್ ಸಂಖ್ಯೆ ಮತ್ತು ಚಾಸಿ ಸಂಖ್ಯೆ. ತುಕ್ಕನ್ನು ಮೆಲ್ಲಗೆ ಒರೆಸಿ ಇವನ್ನು ಓದಿ, ಆರ್‌ಸಿ ಪುಸ್ತಕದೊಂದಿಗೆ ಹೋಲಿಸಿ. ಎರಡೂ ತಾಳೆಯಾದರೆ ಗಾಡಿ ಯಾವುದೆಂಬ ಅನುಮಾನ ಬಹುಮಟ್ಟಿಗೆ ಹೋಗುತ್ತದೆ. ಎಂಜಿನ್ ಬೇರೆಯದಾಗಿದ್ದರೆ ಬೆಲೆ ಇಳಿಯುತ್ತದೆ. ಚಾಸಿ ಸಂಖ್ಯೆ ಉಜ್ಜಿಹೋಗಿದ್ದರೆ, ತಿದ್ದಿದಂತಿದ್ದರೆ ಆ ಗಾಡಿಯ ಸಹವಾಸವೇ ಬೇಡ; ಅದು ಕಳವಿನದೂ ಆಗಿರಬಹುದು. ಎಷ್ಟೋ ಸಲ ತುಕ್ಕು ತೆಗೆಯುವ ಉತ್ಸಾಹದಲ್ಲಿ ಗ್ರೈಂಡರ್ ಹಿಡಿದವರೇ ಈ ಸಂಖ್ಯೆಗಳನ್ನು ಅಳಿಸಿಬಿಡುತ್ತಾರೆ.

ನಮ್ಮಲ್ಲಿ ಖಾಸಗಿ ವಾಹನದ ನೋಂದಣಿ 15 ವರ್ಷಕ್ಕೆ ಮಾತ್ರ; ಆಮೇಲೆ ತಪಾಸಣೆ ಮಾಡಿಸಿ 5 ವರ್ಷಕ್ಕೊಮ್ಮೆ ನವೀಕರಿಸಬೇಕು. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ಹೊಸ ನಿಯಮ ತಂದಿತು. 50 ವರ್ಷಕ್ಕಿಂತ ಹಳೆಯದಾದ, ಮೂಲ ರೂಪದಲ್ಲೇ ಉಳಿಸಿಕೊಂಡ ಗಾಡಿಯನ್ನು ಇದರಂತೆ ವಿಂಟೇಜ್ ವಾಹನವೆಂದು ನೋಂದಾಯಿಸಬಹುದು. ಆದರೆ ಅದನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. 'ಮೂಲ ರೂಪ' ಎಂಬ ಈ ಷರತ್ತನ್ನು ಗಮನಿಸಿ. ಅಂದಕ್ಕೆಂದು ಹೊಸ ಟ್ಯಾಂಕು, ಬೇರೆ ಹ್ಯಾಂಡಲು ಹಾಕಿಸಿದವರು ಹಣವನ್ನೂ ಕಳೆದು ಬೆಲೆಯನ್ನೂ ಕಳೆದಂತಾಗುತ್ತದೆ.

ಗುಜರಿಗೆ ಹಾಕುವುದೇ ಸರಿ ಎಂದು ಲೆಕ್ಕ ಹೇಳಿದರೂ ಕಾಗದ ಮರೆಯಬೇಡಿ. ನೋಂದಣಿ ರದ್ದುಪಡಿಸದೆ ಕೊಟ್ಟ ಗಾಡಿ ದಾಖಲೆಯಲ್ಲಿ ನಿಮ್ಮ ಹೆಸರಿನಲ್ಲೇ ಉಳಿದಿರುತ್ತದೆ. ವಾಹನ ನಾಶವಾದರೆ 14 ದಿನಗಳೊಳಗೆ ನೋಂದಣಿ ಅಧಿಕಾರಿಗೆ ತಿಳಿಸಬೇಕೆಂದು 1988ರ ಮೋಟಾರು ವಾಹನ ಕಾಯ್ದೆ ಹೇಳುತ್ತದೆ.

ಅಧ್ಯಾಪಕರು ಇದನ್ನೊಂದು ಯೋಜನಾ ಕಾರ್ಯವಾಗಿ ಮಾಡಿಸಬಹುದು. ಊರಿನಲ್ಲಿ ನಿಂತುಹೋದ ಒಂದು ಗಾಡಿಯನ್ನು ಮಾಲೀಕರ ಒಪ್ಪಿಗೆ ಪಡೆದು ಆರಿಸಿಕೊಳ್ಳಿ. ಮಾದರಿ, ವರ್ಷ, ಸಂಖ್ಯೆ, ಇಲ್ಲದ ಭಾಗಗಳು ಇವನ್ನು ಪಟ್ಟಿ ಮಾಡಲಿ. ಇಬ್ಬರು ಮೆಕ್ಯಾನಿಕ್‌ಗಳಿಂದ ಖರ್ಚಿನ ಅಂದಾಜು ಕೇಳಲಿ. ಕೊನೆಗೆ ಒಂದೇ ಅಂಕಿಯನ್ನಲ್ಲ, 'ಇಷ್ಟರಿಂದ ಇಷ್ಟರವರೆಗೆ' ಎಂದು ಬೆಲೆಯನ್ನು ಬರೆಯಲಿ. ಆ ಹರವು ಎಷ್ಟು ಕಿರಿದಾಯಿತೋ ಅಷ್ಟರಮಟ್ಟಿಗೆ ಅವರು ಗಾಡಿಯನ್ನು ಅರಿತಂತೆ. ಆ ಹಾಳೆ ಕೈಯಲ್ಲಿದ್ದರೆ ಗುಜರಿಯವನು ತಕ್ಕಡಿ ತಂದಾಗ ಮನೆಯವರು ಒಂದು ಮಾತು ಕೇಳಲು ಸಾಧ್ಯವಾಗುತ್ತದೆ: 'ಇದು ತೂಕಕ್ಕೆ ಹಾಕುವ ಗಾಡಿಯೋ, ಅಲ್ಲವೋ?'